ಚಿಕಸಾ ನಾಡಿನಲ್ಲಿ ಮೂರು ದಿನ: ಡಾಲಸ್ ಕಡೆಯಿಂದ ಹೊರಡುವವರಿಗೆ ಒಂದು ಮಾರ್ಗದರ್ಶಿ

ಡಾಲಸ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬೇಸಿಗೆಯ ವಾರಾಂತ್ಯದಲ್ಲಿ ಉತ್ತರಕ್ಕೆ ಎರಡು ಗಂಟೆ ಕಾರು ಓಡಿಸಿ, ಓಕ್ಲಹೋಮದ ಟರ್ನರ್ ಜಲಪಾತದಲ್ಲಿ ಮಕ್ಕಳನ್ನು ಆಡಿಸಿ, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದು, ಕತ್ತಲಾಗುವ ಹೊತ್ತಿಗೆ ಮನೆ ಸೇರುವವರು ಅನೇಕರಿದ್ದಾರೆ. ನಾವೂ ಮೊದಲ ಎರಡು ಸಲ ಹಾಗೆಯೇ ಹೋಗಿ ಬಂದೆವು. ಆ ನೀರು ಹರಿಯುವ ನೆಲ ಅಮೆರಿಕದ ಮೂಲನಿವಾಸಿಗಳಲ್ಲೊಂದಾದ ಚಿಕಸಾ ಜನಾಂಗದ ನಾಡು, ಆ ನಾಡಿಗೆ ಈಗಲೂ ತನ್ನದೇ ಸಂವಿಧಾನ, ಚುನಾಯಿತ ಗವರ್ನರ್, ಶಾಸನಸಭೆ, ನ್ಯಾಯಾಲಯ ಮತ್ತು ಪೊಲೀಸ್ ಪಡೆ ಇವೆ ಎಂಬುದು ಮೂರನೆಯ ಸಲ ಹೋದಾಗಲಷ್ಟೇ ನಮಗೆ ಸರಿಯಾಗಿ ತಿಳಿಯಿತು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನಾನು ಸೂಚಿಸುವ ಕ್ರಮ ವಾಡಿಕೆಗೆ ತಿರುಗುಮುರುಗಾಗಿದೆ: ಮೊದಲು ಜನರನ್ನು, ಅವರ ಮನೆಗಳನ್ನು, ಅವರ ರಾಜಧಾನಿಯನ್ನು ನೋಡಿ, ನೀರಿಗೆ ಕೊನೆಯ ದಿನ ಇಳಿಯಿರಿ.

ಹೊರಡುವ ಮುನ್ನ ತಿಳಿದಿರಬೇಕಾದದ್ದು

ಚಿಕಸಾ ನೇಷನ್ ಎಂದರೆ ದಕ್ಷಿಣ-ಮಧ್ಯ ಓಕ್ಲಹೋಮದ 13 ಕೌಂಟಿಗಳನ್ನು ಒಳಗೊಂಡ, 7,648 ಚದರ ಮೈಲಿ ವಿಸ್ತಾರದ ಪ್ರದೇಶ. ದಕ್ಷಿಣಕ್ಕೆ ರೆಡ್ ರಿವರ್, ಉತ್ತರಕ್ಕೆ ಕೆನೇಡಿಯನ್ ನದಿ, ಪೂರ್ವಕ್ಕೆ ಚಾಕ್ಟಾ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ನೇಷನ್ ಇದರ ಗಡಿಗಳು. ಟೆಕ್ಸಾಸ್ ಕಡೆಯಿಂದ 35ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಬಂದು ರೆಡ್ ರಿವರ್ ಸೇತುವೆ ದಾಟಿದ ಕ್ಷಣವೇ ನೀವು ಈ ನಾಡನ್ನು ಪ್ರವೇಶಿಸಿರುತ್ತೀರಿ. ದಾಟಿದ ಸ್ವಲ್ಪ ಹೊತ್ತಿಗೆ ಥ್ಯಾಕರ್‌ವಿಲ್‌ನಲ್ಲಿ ಕಾಣುವ ಬೃಹತ್ ವಿನ್‌ಸ್ಟಾರ್ ಕ್ಯಾಸಿನೊ ಈ ನೇಷನ್‌ನದೇ ಉದ್ಯಮ. ಜೂಜು ನಿಮಗೆ ಒಗ್ಗದಿದ್ದರೆ ನಿಲ್ಲಬೇಕಾಗಿಲ್ಲ. ಆದರೆ ಅಂಥ ಉದ್ಯಮಗಳಿಂದ ಬರುವ ಆದಾಯವೇ ಇಲ್ಲಿನ ಆಸ್ಪತ್ರೆ, ಶಾಲಾ ನೆರವು, ಹಿರಿಯರ ಊಟ, ಭಾಷೆಯ ತರಗತಿಗಳಿಗೆ ಆಧಾರವಾಗಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ನೋಡುವ ಸುಸಜ್ಜಿತ ಕಟ್ಟಡಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ.

ಈ ನೆಲ ಚಿಕಸಾ ಜನರ ಮೂಲ ನೆಲೆಯಲ್ಲ. ಅವರ ತಾಯ್ನೆಲ ಇಂದಿನ ಉತ್ತರ ಮಿಸಿಸಿಪಿ ಮತ್ತು ಅದಕ್ಕೆ ಹೊಂದಿಕೊಂಡ ಅಲಬಾಮ, ಟೆನೆಸಿ, ಕೆಂಟಕಿಗಳ ಭಾಗಗಳು. 1541ರಲ್ಲಿ ಸ್ಪೇನಿನ ದಂಡನಾಯಕ ಡೆ ಸೋಟೊ ತನ್ನ ಸಾಮಾನು ಹೊರಲು ಅವರ ಜನರನ್ನು ಕೇಳಿದಾಗ, ಅವರು ರಾತ್ರಿ ಅವನ ಶಿಬಿರಕ್ಕೆ ಬೆಂಕಿಯಿಟ್ಟು ಓಡಿಸಿದರು. 1736ರಲ್ಲಿ ಫ್ರೆಂಚರ ಸೈನ್ಯವನ್ನು ಒಂದೇ ವರ್ಷದಲ್ಲಿ ಎರಡು ಸಲ ಸೋಲಿಸಿದರು. ಇಂಥ ಜನರನ್ನು ಕೊನೆಗೆ ಮಣಿಸಿದ್ದು ಕಾಗದಪತ್ರ. 1832ರ ಪಾಂಟೊಟಾಕ್ ಒಪ್ಪಂದದಿಂದ ಮಿಸಿಸಿಪಿ ನದಿಯ ಪೂರ್ವದ ಭೂಮಿಯನ್ನೆಲ್ಲ ಬಿಟ್ಟುಕೊಡಬೇಕಾಯಿತು. 1837ರಲ್ಲಿ, ತಮಗಿಂತ ಮೊದಲೇ ಪಶ್ಚಿಮಕ್ಕೆ ಅಟ್ಟಲ್ಪಟ್ಟಿದ್ದ ಚಾಕ್ಟಾ ಜನರಿಗೆ 5,30,000 ಡಾಲರ್ ಕೊಟ್ಟು ಅವರ ನೆಲದಲ್ಲಿ ಇರಲು ಜಾಗ ಪಡೆದರು. ತಮ್ಮನ್ನು ಹೊರದಬ್ಬಿದ ಪ್ರಯಾಣದ ವೆಚ್ಚವನ್ನೂ ಅವರು ತಮ್ಮ ಭೂಮಿ ಮಾರಿದ ಹಣದಿಂದಲೇ ಭರಿಸಿದರು. 1856ರಲ್ಲಿ ಚಾಕ್ಟಾ ಆಡಳಿತದಿಂದ ಬೇರೆಯಾಗಿ ಸ್ವಂತ ಸಂವಿಧಾನ ಬರೆದುಕೊಂಡು, ಟಿಶೊಮಿಂಗೊ ಊರನ್ನು ರಾಜಧಾನಿ ಮಾಡಿಕೊಂಡರು. ಆ ಹೆಸರಿನ ಹಿರಿಯ ಮುಖಂಡ ಈ ಊರನ್ನು ಕಾಣಲಿಲ್ಲ. ವಲಸೆಯ ದಾರಿಯಲ್ಲೇ ತೀರಿಕೊಂಡಿದ್ದ.

ಇನ್ನೊಂದು ಸಂಗತಿಯನ್ನೂ ಮರೆಮಾಚದೆ ಹೇಳಬೇಕು. ವಲಸೆ ಬಂದ ಚಿಕಸಾ ಕುಟುಂಬಗಳಲ್ಲಿ ಸಾಕಷ್ಟು ಮಂದಿ ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು, ಅವರನ್ನೂ ಜೊತೆಗೆ ಕರೆತಂದಿದ್ದರು. ಅಂತರ್ಯುದ್ಧದಲ್ಲಿ ನೇಷನ್ ದಕ್ಷಿಣದ ಪಕ್ಷ ಸೇರಿತು. 1866ರ ಒಪ್ಪಂದದಿಂದ ಗುಲಾಮಗಿರಿ ಕೊನೆಗೊಂಡರೂ, ಬಿಡುಗಡೆ ಹೊಂದಿದವರಿಗೆ ನೇಷನ್‌ನ ಪೌರತ್ವ ದೊರೆಯಲಿಲ್ಲ. ತಾವು ಅನ್ಯಾಯಕ್ಕೆ ಗುರಿಯಾದ ಜನ ಇನ್ನೊಬ್ಬರಿಗೂ ಅನ್ಯಾಯ ಮಾಡಿದ್ದರೆಂಬುದನ್ನು ತಿಳಿದು ಹೋದರೆ, ಊರೂರಿನ ಹಳೆಯ ಸ್ಮಶಾನಗಳಲ್ಲಿ ಮತ್ತು ರಸ್ತೆಬದಿಯ ಸ್ಮಾರಕ ಫಲಕಗಳಲ್ಲಿ ಕಾಣುವ ಹೆಸರುಗಳು ಹೆಚ್ಚು ಅರ್ಥವಾಗುತ್ತವೆ.

ಮಾತಿನ ವಿಷಯದಲ್ಲಿಯೂ ಸ್ವಲ್ಪ ಸಿದ್ಧತೆ ಬೇಕು. ಕನ್ನಡದಲ್ಲಿ ನಾವು ಚಿಕ್ಕಂದಿನಿಂದ ‘ರೆಡ್ ಇಂಡಿಯನ್’ ಎಂದು ಓದಿಕೊಂಡು ಬಂದಿದ್ದೇವೆ. ಆ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಬೇಕು, ಮಕ್ಕಳಿಗೂ ಹೇಳಿಕೊಡಬೇಕು. ಇವರು ಚಿಕಸಾ ಜನ, ಅಷ್ಟೆ ಸಾಕು. ಗರಿಗಳ ದೊಡ್ಡ ಕಿರೀಟ, ಚರ್ಮದ ಗೂಡಾರ ಇವೆಲ್ಲ ಬಯಲುಸೀಮೆಯ ಬೇರೆ ಜನಾಂಗಗಳಿಗೆ ಸೇರಿದವು. ಚಿಕಸಾ ಜನ ಮಣ್ಣಿನ ಗೋಡೆ ಮತ್ತು ಹುಲ್ಲಿನ ಮಾಡಿನ ಮನೆ ಕಟ್ಟಿ, ಊರು ಕಟ್ಟಿ, ಹೊಲ ಮಾಡಿ ಬದುಕಿದ ಒಕ್ಕಲು ಮಕ್ಕಳು. ಕುಲ ತಾಯಿಯ ಕಡೆಯಿಂದ ಸಾಗುತ್ತದೆ. ನಾವು ಭಾರತದವರೆಂದು ತಿಳಿದಾಗ ಅಲ್ಲಿನವರು ಕುತೂಹಲದಿಂದ ಮಾತನಾಡಿಸುತ್ತಾರೆ. ಆ ಸಲಿಗೆಯಲ್ಲಿ ಅವರನ್ನು ‘ನಿಮ್ಮ ಮೈಯಲ್ಲಿ ಎಷ್ಟು ಪಾಲು ಆ ರಕ್ತವಿದೆ’ ಎಂದು ಮಾತ್ರ ಕೇಳಬಾರದು. ಜನಾಂಗವನ್ನು ರಕ್ತದ ಪಾಲಿನಲ್ಲಿ ಅಳೆದು ಭೂಮಿ ಹಂಚಿದ್ದು ಅವರ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ.

ಕಾಲ ಯಾವುದು, ವಾಹನ ಹೇಗೆ

ಅಕ್ಟೋಬರ್ ತಿಂಗಳು ಎಲ್ಲಕ್ಕಿಂತ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸೆಕೆ ಇಳಿದಿರುತ್ತದೆ, ಓಕ್ ಮರಗಳ ಎಲೆ ಬಣ್ಣ ತಿರುಗಲು ತೊಡಗಿರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಆ ತಿಂಗಳ ಮೊದಲ ಶನಿವಾರ ಟಿಶೊಮಿಂಗೊದಲ್ಲಿ ನೇಷನ್‌ನ ವಾರ್ಷಿಕ ಸಭೆ ಮತ್ತು ಉತ್ಸವ ನಡೆಯುತ್ತದೆ. ಬೇರೆ ರಾಜ್ಯಗಳಲ್ಲಿರುವ ಚಿಕಸಾ ಕುಟುಂಬಗಳೂ ಊರಜಾತ್ರೆಗೆ ಬರುವವರಂತೆ ಅಂದು ಬಂದು ಸೇರುತ್ತವೆ. 1987ರಿಂದ ಗವರ್ನರ್ ಆಗಿರುವ ಬಿಲ್ ಅನೊಅಟುಬಿ ನಾಡಿನ ಸ್ಥಿತಿಗತಿಯ ಕುರಿತು ಅಂದೇ ಮಾತನಾಡುತ್ತಾರೆ. ಆ ವಾರ ಹೋಗುವುದಾದರೆ ಕೋಣೆಯನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹೆದ್ದಾರಿಯ ಬದಿಯೆಲ್ಲ ಹೂವು ತುಂಬಿ ಬಹಳ ಚೆನ್ನಾಗಿರುತ್ತದೆ. ಅದೇ ಸುಂಟರಗಾಳಿಯ ಕಾಲವೂ ಹೌದು. 2024ರ ಏಪ್ರಿಲ್ 27ರ ರಾತ್ರಿ ಬೀಸಿದ ಟೊರ್ನೆಡೊ, ನಾವು ತಂಗಲು ಹೋಗುವ ಸಲ್ಫರ್ ಊರಿನ ಪೇಟೆಬೀದಿಯ ಹಳೆಯ ಇಟ್ಟಿಗೆ ಕಟ್ಟಡಗಳನ್ನು ನೆಲಸಮ ಮಾಡಿತು. ವಸಂತದಲ್ಲಿ ಹೋಗುವವರು ಫೋನಿನಲ್ಲಿ ಹವಾಮಾನದ ಎಚ್ಚರಿಕೆ ಗಂಟೆಯನ್ನು ರಾತ್ರಿಯೂ ಬಂದ್ ಮಾಡದೆ ಇಟ್ಟುಕೊಳ್ಳಬೇಕು, ತಂಗಿದ ಜಾಗದಲ್ಲಿ ಆಶ್ರಯ ಕೋಣೆ ಎಲ್ಲಿದೆಯೆಂದು ಕೋಣೆಯ ಕೀಲಿ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಬೇಕು, ಮತ್ತು ‘ವಾಚ್’ ಎಂದರೆ ಸಾಧ್ಯತೆ ಇದೆ, ‘ವಾರ್ನಿಂಗ್’ ಎಂದರೆ ಈಗಲೇ ಒಳಗೆ ಹೋಗಿ ಎಂಬ ವ್ಯತ್ಯಾಸವನ್ನು ಮನೆಮಂದಿಗೆಲ್ಲ ತಿಳಿಸಿರಬೇಕು. ಜುಲೈ ಮತ್ತು ಆಗಸ್ಟ್‌ನಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಸಾಮಾನ್ಯ.

ಊರಿಂದೂರಿಗೆ ಬಸ್ಸು ಸಿಗುವುದಿಲ್ಲವಾದ್ದರಿಂದ ಸ್ವಂತ ಕಾರು ಅಥವಾ ಬಾಡಿಗೆ ಕಾರು ಅನಿವಾರ್ಯ. ಭಾರತದಿಂದ ಬರುವವರಿಗೆ ಡಾಲಸ್-ಫೋರ್ಟ್‌ವರ್ತ್ ಅಥವಾ ಓಕ್ಲಹೋಮ ಸಿಟಿ, ಎರಡು ವಿಮಾನ ನಿಲ್ದಾಣಗಳೂ ಅನುಕೂಲವೇ. ಡಾಲಸ್‌ನಿಂದ ಸಲ್ಫರ್‌ಗೆ ಸುಮಾರು ಎರಡು ಗಂಟೆ, ಓಕ್ಲಹೋಮ ಸಿಟಿಯಿಂದ ಸುಮಾರು ಒಂದೂವರೆ ಗಂಟೆ. ಒಳನಾಡಿನ ರಸ್ತೆಗಳಲ್ಲಿ ಫೋನಿನ ಸಂಪರ್ಕ ಆಗಾಗ ಕಡಿದುಹೋಗುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಪೆಟ್ರೋಲ್ ಅರ್ಧ ಇದ್ದಾಗಲೇ ತುಂಬಿಸಿ, ಮತ್ತು ಚಿಕ್ಕ ಊರು ಬಂದ ಕೂಡಲೇ ವೇಗದ ಮಿತಿ ಒಮ್ಮೆಲೇ ಇಳಿಯುವುದನ್ನು ಗಮನಿಸಿ. ರಸ್ತೆಯ ಎರಡೂ ಬದಿಯ ತಂತಿಬೇಲಿಯ ಆಚೆಗಿನದು ಖಾಸಗಿ ಹುಲ್ಲುಗಾವಲು; ಫೋಟೊಗಾಗಿಯೂ ಬೇಲಿ ದಾಟಬಾರದು.

ಮೊದಲ ದಿನ, ಶುಕ್ರವಾರ: ಸಲ್ಫರ್‌ನ ಸಾಂಸ್ಕೃತಿಕ ಕೇಂದ್ರ

ಒಂದು ದಿನದ ರಜೆ ಹಾಕಿ ಶುಕ್ರವಾರ ಬೆಳಿಗ್ಗೆಯೇ ಹೊರಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಸ್ತುಸಂಗ್ರಹಾಲಯಗಳು ವಾರದ ಎಲ್ಲ ದಿನ ತೆರೆದಿರುತ್ತವೆಂದು ಭಾವಿಸಿ ಭಾನುವಾರ ಹೋಗಿ ಬಾಗಿಲು ನೋಡಿಕೊಂಡು ಬರುವುದಕ್ಕಿಂತ, ಶುಕ್ರವಾರ ಮತ್ತು ಶನಿವಾರ ಅವುಗಳನ್ನು ಮುಗಿಸಿ, ಭಾನುವಾರವನ್ನು ತೆರೆದ ಬಯಲಿಗೆ ಮೀಸಲಿಡುವುದು ಲೇಸು. ಹೊರಡುವ ಹಿಂದಿನ ದಿನ ಸಮಯವನ್ನೂ, ಅಂದು ಯಾವ ಯಾವ ಪ್ರದರ್ಶನ ಇದೆ ಎಂಬುದನ್ನೂ ಅವರ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

35ನೇ ಹೆದ್ದಾರಿಯ 55ನೇ ನಿರ್ಗಮನದಲ್ಲಿ ಇಳಿದರೆ ಡೇವಿಸ್ ಊರಿನ ಬಳಿ ನೇಷನ್‌ನ ಸ್ವಾಗತ ಕೇಂದ್ರವಿದೆ; ನಕ್ಷೆ, ಶೌಚಾಲಯ, ಮಾಹಿತಿ ಹೇಳುವ ಜನ ಎಲ್ಲ ಅಲ್ಲಿ ಸಿಗುತ್ತಾರೆ. ಅಲ್ಲಿಂದ 7ನೇ ರಾಜ್ಯ ಹೆದ್ದಾರಿಯಲ್ಲಿ ಪೂರ್ವಕ್ಕೆ ಕಾಲು ಗಂಟೆ ಸಾಗಿದರೆ ಸಲ್ಫರ್. 2010ರಲ್ಲಿ ತೆರೆದ ಚಿಕಸಾ ಸಾಂಸ್ಕೃತಿಕ ಕೇಂದ್ರ 184 ಎಕರೆಯಲ್ಲಿ ಹರಡಿಕೊಂಡಿದೆ. ಇದನ್ನು ಎರಡು ಗಂಟೆಯಲ್ಲಿ ಮುಗಿಸುವ ಲೆಕ್ಕ ಹಾಕಬೇಡಿ, ಇಡೀ ದಿನ ಇಡಿ.

ಮೊದಲು ‘ಚಿಕಶ ಪೋಯ’ ಪ್ರದರ್ಶನ ಭವನಕ್ಕೆ ಹೋಗಿ. ‘ನಾವು ಚಿಕಸಾ ಜನ’ ಎಂಬುದು ಆ ಹೆಸರಿನ ಅರ್ಥ. ಕಾಡಿನಂತೆ ರೂಪಿಸಿದ ಒಂದು ಕೋಣೆಯಿಂದ ಆರಂಭಿಸಿ, ಹಂತ ಹಂತವಾಗಿ ವಲಸೆಯ ಓಣಿಗೆ ಕರೆತರುವಂತೆ ಅದನ್ನು ಜೋಡಿಸಿದ್ದಾರೆ. ಆ ಓಣಿಯನ್ನು ಆತುರದಿಂದ ದಾಟಬೇಡಿ. ಅಲ್ಲಿಂದ ಹೊರಬಂದ ಮೇಲೆ ಬಯಲಿನಲ್ಲಿರುವ ಸಾಂಪ್ರದಾಯಿಕ ಹಳ್ಳಿಗೆ ಹೋದರೆ, ಭವನದಲ್ಲಿ ಓದಿದ್ದೆಲ್ಲ ಕಣ್ಣಮುಂದೆ ನಿಲ್ಲುತ್ತದೆ: ಮರದ ದಿಮ್ಮಿಗಳ ಕೋಟೆಗೋಡೆ, ನಡುವೆ ಸಭಾಭವನ, ಚಳಿಗಾಲಕ್ಕೆಂದು ಮಣ್ಣು ಮೆತ್ತಿದ ದುಂಡನೆಯ ಮನೆ, ಬೇಸಿಗೆಗೆಂದು ಗಾಳಿಯಾಡುವ ಉದ್ದನೆಯ ಮನೆ, ಕಾಳು ತುಂಬಿಡುವ ಕಣಜ. ಆಗಸ್ಟ್‌ನ ಮಧ್ಯಾಹ್ನ ಹೊರಗೆ ನಿಲ್ಲಲಾಗದಂಥ ಬಿಸಿಲಿದ್ದರೂ ದುಂಡನೆಯ ಮನೆಯೊಳಗೆ ಕಾಲಿಟ್ಟರೆ ತಂಪು ತಟ್ಟುತ್ತದೆ. ಹಳೆಯ ಮಣ್ಣಿನ ಮನೆಯಲ್ಲಿ ಬೆಳೆದವರಿಗೆ ಆ ತಂಪಿನ ಜೊತೆಗೆ ಬರುವ ವಾಸನೆ ಗುರುತು ಸಿಗುತ್ತದೆ.

ಪಕ್ಕದ ತೋಟದಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಸಿರುತ್ತಾರೆ. ಜೋಳದ ದಂಟಿಗೆ ಹುರುಳಿಯ ಬಳ್ಳಿ ಹಬ್ಬುತ್ತದೆ, ಬಳ್ಳಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಕುಂಬಳದ ಅಗಲ ಎಲೆ ನೆಲದ ತೇವ ಆರದಂತೆ ಮುಚ್ಚಿಡುತ್ತದೆ. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಬಿಡುವ ನಮ್ಮ ರೈತರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಊರಿನಿಂದ ಬಂದಿದ್ದ ನಮ್ಮ ಮಾವನವರು ಪ್ರದರ್ಶನ ಭವನಕ್ಕಿಂತ ಹೆಚ್ಚು ಹೊತ್ತು ನಿಂತಿದ್ದು ಈ ತೋಟದ ಬೇಲಿಯ ಬಳಿಯೇ.

ಸ್ಟಾಂಪ್ ಡಾನ್ಸ್ ಎಂಬ ಕುಣಿತದ ಪ್ರಾತ್ಯಕ್ಷಿಕೆ ಇರುವ ಸಮಯವನ್ನು ಬಾಗಿಲಲ್ಲೇ ಕೇಳಿಕೊಂಡು, ಆ ಹೊತ್ತಿಗೆ ಹಳ್ಳಿಯ ಬಳಿ ಇರಿ. ಮುಂದಾಳು ಗಂಡಸು ಒಂದು ಸೊಲ್ಲನ್ನು ಎತ್ತುತ್ತಾನೆ, ಹಿಂದಿನವರು ಅದಕ್ಕೆ ಮಾರುಸೊಲ್ಲು ಕೊಡುತ್ತಾರೆ, ಸಾಲು ಬೆಂಕಿಯ ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುರುಳಿಯಾಗಿ ಸಾಗುತ್ತದೆ. ಚರ್ಮವಾದ್ಯದ ಮೇಳವಿಲ್ಲ. ತಾಳ ಹಿಡಿಯುವವರು ಹೆಂಗಸರು: ಸಣ್ಣ ಕಲ್ಲು ತುಂಬಿದ ಆಮೆಯ ಚಿಪ್ಪುಗಳನ್ನು ಚರ್ಮದ ಪಟ್ಟಿಗೆ ಹೊಲಿದು ಎರಡೂ ಮೊಣಕಾಲಿನ ಕೆಳಗೆ ಬಿಗಿದುಕೊಂಡಿರುತ್ತಾರೆ. ಚಿಪ್ಪಿನ ಬದಲು ಹಾಲಿನ ತಗಡಿನ ಡಬ್ಬಿಗಳಿಂದ ಮಾಡಿದವೂ ಇವೆ. ಒಬ್ಬ ಹಿರಿಯ ಹೆಂಗಸು ತಮ್ಮ ಕಾಲಿನದನ್ನು ಬಿಚ್ಚಿ ನನ್ನ ಮಗಳ ಕೈಗೆ ಕೊಟ್ಟರು. ಎಂಟು ವರ್ಷದ ಹುಡುಗಿಗೆ ಎರಡೂ ಕೈಯಲ್ಲಿ ಎತ್ತುವಷ್ಟು ಭಾರ. ಅದನ್ನು ಕಟ್ಟಿಕೊಂಡು ಎಡ-ಬಲ ಹೆಜ್ಜೆ ಬದಲಿಸುತ್ತ ಗಂಡಸಿನ ಹಾಡಿಗೆ ಒಂದಿಷ್ಟೂ ತಪ್ಪದೆ ಸದ್ದು ಕೂಡಿಸುವುದೆಂದರೆ ವರ್ಷಗಳ ಸಾಧನೆ. ಕೇಂದ್ರದಲ್ಲಿ ನೋಡುಗರನ್ನೂ ಸಾಲಿಗೆ ಕರೆಯುವುದುಂಟು; ಕರೆದರೆ ಸಂಕೋಚಪಡದೆ ಸೇರಿಕೊಳ್ಳಿ, ಕರೆಯದಿದ್ದರೆ ಸುಮ್ಮನೆ ನೋಡಿ. ಇದೇ ಕುಣಿತ ಊರಿನವರ ಸ್ವಂತ ಮೈದಾನಗಳಲ್ಲಿ ರಾತ್ರಿಯಿಡೀ ಪೂಜೆಯ ಭಾಗವಾಗಿ ನಡೆಯುತ್ತದೆ, ಅಲ್ಲಿಗೆ ಆಹ್ವಾನವಿಲ್ಲದೆ ಹೋಗುವಂತಿಲ್ಲ, ಕ್ಯಾಮೆರಾ ತೆಗೆಯುವಂತಿಲ್ಲ. ಕೇಂದ್ರದಲ್ಲಿಯೂ ಫೋಟೊ ತೆಗೆಯುವ ಮುನ್ನ ಕೇಳುವುದು ಮರ್ಯಾದೆ. ಅವರು ತೊಟ್ಟದ್ದನ್ನು ವೇಷ ಎನ್ನಬೇಡಿ. ಅದು ಅವರ ಉಡುಗೆ.

ಊಟಕ್ಕೆ ಆವರಣದಲ್ಲೇ ಇರುವ ‘ಆಇಂಪ’ ಕೆಫೆ ಸಾಕು. ಆ ಪದಕ್ಕೆ ಊಟ ಮಾಡುವ ಜಾಗ ಎಂದೇ ಅರ್ಥ. ಪಶೋಫ ಎಂಬುದು ಇಲ್ಲಿನ ಮುಖ್ಯ ಅಡುಗೆ: ಒಡೆದ ಮೆಕ್ಕೆಜೋಳವನ್ನು ಹಂದಿಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿ, ನುಚ್ಚಿನಂತೆ ಗಟ್ಟಿಯಾಗಿಸಿ ಬಡಿಸುತ್ತಾರೆ. ಹಿಂದೆ ಕಾಯಿಲೆಯವರನ್ನು ಗುಣಪಡಿಸುವ ವಿಧಿಯಲ್ಲಿ ಊರಿನವರೆಲ್ಲ ಕೂಡಿ ಉಣ್ಣುತ್ತಿದ್ದ ಅಡುಗೆಯಿದು; ಉಪ್ಪು ಕಡಿಮೆಯಿರುವುದರಿಂದ ಮೊದಲ ತುತ್ತಿಗೇ ಸಪ್ಪೆಯೆಂದು ಬದಿಗಿಡಬೇಡಿ. ಇಂಡಿಯನ್ ಟಾಕೊ ಎಂದರೆ ಕರಿದ ದಪ್ಪ ರೊಟ್ಟಿಯ ಮೇಲೆ ಮಾಂಸ, ಕಾಳು, ಸೊಪ್ಪು, ಚೀಸ್ ಹರಡಿದ್ದು. ಸಸ್ಯಾಹಾರಿಗಳು ಮಾಂಸ ಬಿಟ್ಟು ಕೊಡುವಂತೆ ಕೇಳಬಹುದು, ಆದರೆ ಕಾಳನ್ನು ಮಾಂಸದ ಜೊತೆ ಬೇಯಿಸಿದ್ದಾರೆಯೇ, ರೊಟ್ಟಿಯನ್ನು ಎಣ್ಣೆಯಲ್ಲಿ ಕರಿದಿದ್ದಾರೆಯೇ ಅಥವಾ ಕೊಬ್ಬಿನಲ್ಲಿಯೇ ಎಂದು ಸ್ಪಷ್ಟವಾಗಿ ವಿಚಾರಿಸಬೇಕು. ದ್ರಾಕ್ಷಿರಸದಲ್ಲಿ ಹಿಟ್ಟಿನ ತುಂಡುಗಳನ್ನು ಬೇಯಿಸಿ ಮಾಡುವ ಗ್ರೇಪ್ ಡಂಪ್ಲಿಂಗ್ ಎಂಬ ಸಿಹಿ ನಮ್ಮ ಮನೆಯ ಮಕ್ಕಳೆಲ್ಲರಿಗೂ ಹಿಡಿಸಿತು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮೂರು ದಿನವೂ ಬುತ್ತಿ ಕಟ್ಟಿಕೊಂಡೇ ಹೋಗುವುದು ಒಳ್ಳೆಯದು. ಈ ಊರುಗಳಲ್ಲಿ ಊಟವೆಂದರೆ ಹೆಚ್ಚಾಗಿ ಬಾರ್ಬೆಕ್ಯೂ ಮತ್ತು ಬರ್ಗರ್.

ನಾಲ್ಕು ಮಾತು ಕಲಿತುಕೊಂಡು ಹೋಗಿ

ಚಿಕಸಾ ಭಾಷೆಯ ಹೆಸರು ಚಿಕಶ್ಶನೊಂಪ. ಚಾಕ್ಟಾ ಭಾಷೆಗೆ ಬಹಳ ಹತ್ತಿರದ, ಮಸ್ಕೋಗಿ ಕುಟುಂಬಕ್ಕೆ ಸೇರಿದ ನುಡಿಯಿದು. ಬೇರೆ ಭಾಷೆಯೇ ಬಾರದೆ ಚಿಕಸಾ ಒಂದನ್ನೇ ಆಡುತ್ತಿದ್ದ ಕೊನೆಯ ವ್ಯಕ್ತಿ ಎಮಿಲಿ ಜಾನ್ಸನ್ ಡಿಕರ್ಸನ್ ತಮ್ಮ 93ನೇ ವಯಸ್ಸಿನಲ್ಲಿ, 2013ರ ಡಿಸೆಂಬರ್ 30ರಂದು ತೀರಿಕೊಂಡರು. 2007ರಲ್ಲಿ ನೇಷನ್ ಭಾಷೆಯ ಪುನರುಜ್ಜೀವನಕ್ಕೆಂದೇ ಒಂದು ಇಲಾಖೆ ತೆರೆಯಿತು. ಬಲ್ಲ ಹಿರಿಯರ ಜೊತೆ ಕಲಿಯುವವರನ್ನು ಕೂರಿಸಿ ದಿನವೂ ಗಂಟೆಗಟ್ಟಲೆ ಮಾತಾಡಿಸುವುದು ಅಲ್ಲಿನ ಒಂದು ವಿಧಾನ. ಆದ್ದರಿಂದ ಹೊರಗಿನವರು ಬಂದು ಒಂದು ಪದ ಆಡಿದರೂ ಅವರ ಮುಖ ಅರಳುತ್ತದೆ.

‘ಚೊಕ್ಮ’ ಎಂದರೆ ಒಳ್ಳೆಯದು, ನಮಸ್ಕಾರ ಎಂಬ ಅರ್ಥದಲ್ಲಿಯೂ ಬಳಸುತ್ತಾರೆ. ‘ಚಿಂಚೊಕ್ಮ’ ಎಂದರೆ ಚೆನ್ನಾಗಿದ್ದೀರಾ. ‘ಯಕ್ಕೋಕೆ’ ಎಂದರೆ ಧನ್ಯವಾದ. ಈ ಭಾಷೆಯಲ್ಲಿ ಒತ್ತಕ್ಷರಗಳಿಗೂ ದೀರ್ಘ ಸ್ವರಗಳಿಗೂ ಬೆಲೆಯಿರುವುದರಿಂದ ಕನ್ನಡದವರ ನಾಲಿಗೆಗೆ ಇದು ಸುಲಭ. ‘ಯಕ್ಕೋಕೆ’ಯ ‘ಕ್ಕೋ’ವನ್ನು ಅಕ್ಕ, ಪಕ್ಕ ಎನ್ನುವಾಗಿನಂತೆ ಒತ್ತಿ, ಓಕಾರವನ್ನು ಎಳೆದು ಹೇಳಿದರಾಯಿತು. ಫಲಕಗಳಲ್ಲಿ ಪದದ ಕೊನೆಗೆ ಕಾಣುವ ಚಿಕ್ಕ ಗೀಟು ಅಲಂಕಾರಕ್ಕಲ್ಲ. ಅಲ್ಲಿ ಗಂಟಲಲ್ಲಿ ಉಸಿರನ್ನು ಕ್ಷಣ ತಡೆದು ನಿಲ್ಲಿಸಬೇಕು.

ಎರಡನೆಯ ದಿನ, ಶನಿವಾರ: ಟಿಶೊಮಿಂಗೊ

ಸಲ್ಫರ್‌ನಲ್ಲಿ ತಂಗಲು ನೇಷನ್‌ನ ಆರ್ಟೀಸಿಯನ್ ಹೋಟೆಲ್ ಇದೆ. 1906ರಲ್ಲಿ ಕಟ್ಟಿ 1962ರಲ್ಲಿ ಸುಟ್ಟುಹೋದ ಹಳೆಯ ಹೋಟೆಲಿನ ಜಾಗದಲ್ಲೇ, ಅದೇ ಮಾದರಿಯಲ್ಲಿ 2013ರಲ್ಲಿ ತೆರೆದದ್ದು. ಬಾಡಿಗೆ ಹೆಚ್ಚೆನಿಸಿದರೆ ಊರಿಗೆ ಅಂಟಿಕೊಂಡಿರುವ ಚಿಕಸಾ ರಾಷ್ಟ್ರೀಯ ವಿಹಾರ ಪ್ರದೇಶದೊಳಗೆ ಟೆಂಟ್ ಹಾಕುವ ಜಾಗಗಳನ್ನು ಮೊದಲೇ ಕಾದಿರಿಸಬಹುದು. ಬೆಳಿಗ್ಗೆ ತಿಂಡಿ ಮುಗಿಸಿ ಆಗ್ನೇಯಕ್ಕೆ ಮುಕ್ಕಾಲು ಗಂಟೆ ಸಾಗಿದರೆ ಹಳೆಯ ರಾಜಧಾನಿ.

ಚೌಕದ ನಡುವೆ ಸ್ಥಳೀಯ ಕಣಶಿಲೆಯಿಂದ ಕಟ್ಟಿದ ಶಾಸನಭವನ ಎತ್ತರದ ಗೋಪುರದೊಂದಿಗೆ ನಿಂತಿದೆ. ಈ ಕಲ್ಲನ್ನು ಹತ್ತಿರದಿಂದ ನೋಡಿ: ಸುಮಾರು 140 ಕೋಟಿ ವರ್ಷ ಹಳೆಯ, ಸ್ವಲ್ಪ ಗುಲಾಬಿ ಛಾಯೆಯ ಕಲ್ಲು. ಕಟ್ಟಡ ಪೂರ್ಣಗೊಂಡದ್ದು 1898ರಲ್ಲಿ. ಅದೇ 1898ರ ಜೂನ್‌ನಲ್ಲಿ ಅಮೆರಿಕದ ಕಾಂಗ್ರೆಸ್ಸು ಕರ್ಟಿಸ್ ಕಾಯ್ದೆ ಮಾಡಿ, ಈ ಜನಾಂಗಗಳ ಸರ್ಕಾರಗಳನ್ನು ಮುಚ್ಚಲು, ಎಲ್ಲರಿಗೂ ಸೇರಿದ್ದ ಭೂಮಿಯನ್ನು ತುಂಡುತುಂಡಾಗಿ ಹಂಚಲು ಆಜ್ಞೆ ಮಾಡಿತು. ಮುಚ್ಚುತ್ತಾರೆಂದು ಗೊತ್ತಿದ್ದೂ ಅವರು ತಮ್ಮ ಸರ್ಕಾರಕ್ಕೆ ಕಲ್ಲಿನ ಮನೆ ಕಟ್ಟಿ ಮುಗಿಸಿದರು. 1907ರಲ್ಲಿ ಓಕ್ಲಹೋಮ ರಾಜ್ಯವಾಯಿತು, ಭವನ ಕೌಂಟಿಯ ಕೋರ್ಟು ಕಚೇರಿಯಾಯಿತು, ನೇಷನ್‌ನ ಗವರ್ನರ್‌ರನ್ನು ಅಮೆರಿಕದ ಅಧ್ಯಕ್ಷರೇ ನೇಮಿಸುವ ಕಾಲ ಬಂತು. ಮತ್ತೆ ಜನರೇ ತಮ್ಮ ಗವರ್ನರ್‌ರನ್ನು ಆರಿಸಿದ್ದು 1971ರಲ್ಲಿ. ಈಗಿನ ಸಂವಿಧಾನ 1983ರದು. ಭವನವನ್ನು ನೇಷನ್ ಮರಳಿ ಕೊಂಡುಕೊಂಡಿದೆ, ಈಗ ಅದು ವಸ್ತುಸಂಗ್ರಹಾಲಯ. ಒಳಗೆ ಗವರ್ನರರ ಕೋಣೆ, ಖಜಾನೆಯ ಕಬ್ಬಿಣದ ಕೋಣೆ ನೋಡುವಾಗ ಈ ಎರಡು ಇಸವಿಗಳು, 1898 ಮತ್ತು 1971, ಮನಸ್ಸಿನಲ್ಲಿರಲಿ. ಮಕ್ಕಳಿಗೆ ಹೇಳುವುದಾದರೆ ಆ ಮೆಟ್ಟಿಲ ಮೇಲೆ ಕೂರಿಸಿ ಇದನ್ನೇ ಹೇಳಿ, ಬೇರೆ ವಿವರ ಬೇಕಾಗಿಲ್ಲ.

ಅಲ್ಲೇ ಇರುವ ಕೌನ್ಸಿಲ್ ಹೌಸ್ ಮ್ಯೂಸಿಯಂನಲ್ಲಿ 1850ರ ದಶಕದ ಮರದ ದಿಮ್ಮಿಯ ಮೊದಲ ಸಭಾಗೃಹವನ್ನು ಕಟ್ಟಡದೊಳಗೇ ಕಾಪಾಡಿಟ್ಟಿದ್ದಾರೆ. ಒಂದು ಸಣ್ಣ ಕೋಣೆಯಷ್ಟಿರುವ ಅದನ್ನು ನೋಡಿದ ಮೇಲೆ ಕಲ್ಲಿನ ಭವನ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಮಧ್ಯಾಹ್ನದ ನಂತರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಹಕ್ಕಿಗಳಲ್ಲಿ ಆಸಕ್ತಿಯಿದ್ದರೆ, ವಿಶೇಷವಾಗಿ ಚಳಿಗಾಲದಲ್ಲಿ, ಊರಿನ ಪಕ್ಕದಲ್ಲೇ ಟೆಕ್ಸೋಮ ಸರೋವರದ ಮೇಲ್ತುದಿಯಲ್ಲಿರುವ ಟಿಶೊಮಿಂಗೊ ವನ್ಯಜೀವಿ ಧಾಮಕ್ಕೆ ಹೋಗಿ. 1946ರಲ್ಲಿ ಸ್ಥಾಪನೆಯಾದ ಇದರಲ್ಲಿ ಉತ್ತರದಿಂದ ಬರುವ ಕಾಡುಬಾತುಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಇತಿಹಾಸದಲ್ಲಿ ಆಸಕ್ತಿಯಿದ್ದರೆ 1842ರಲ್ಲಿ ಕಟ್ಟಿದ ಫೋರ್ಟ್ ವಾಷಿಟ ಕೋಟೆಗೆ ಹೋಗಿ. ಹೊಸದಾಗಿ ಬಂದ ಚಿಕಸಾ ಮತ್ತು ಚಾಕ್ಟಾ ಜನರನ್ನು ಬಯಲಿನ ಜನಾಂಗಗಳ ದಾಳಿಯಿಂದ ಕಾಯಲೆಂದು ಅಮೆರಿಕದ ಸೈನ್ಯ ಕಟ್ಟಿದ ಕೋಟೆಯಿದು. ಕಿತ್ತುಹಾಕಿದವರೇ ಕಾವಲಿಗೂ ನಿಂತದ್ದನ್ನು ಆ ಪಾಳು ಗೋಡೆಗಳ ನಡುವೆ ನಿಂತು ಯೋಚಿಸುವಂತಾಗುತ್ತದೆ. ದಾರಿಯ ಆಸುಪಾಸಿನಲ್ಲಿ ಎಮೆಟ್ ಎಂಬ ಪುಟ್ಟ ಊರಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಗವರ್ನರ್ ಆಗಿದ್ದ ಡಗ್ಲಸ್ ಜಾನ್‌ಸ್ಟನ್ ಅವರ 1895ರ ಬಿಳಿಯ ಮನೆ ಇಲ್ಲಿದೆ. ಅದೇ 1895ರಲ್ಲಿ ಹುಟ್ಟಿ, ಟೆ ಆಟ ಎಂಬ ಹೆಸರಿನಿಂದ ಜನಾಂಗದ ಕಥೆಗಳನ್ನು ರಂಗದ ಮೇಲೆ ಹೇಳುತ್ತ, 1939ರಲ್ಲಿ ಇಂಗ್ಲೆಂಡಿನ ದೊರೆಯ ಎದುರಿಗೂ ಹೇಳಿ, ನೂರರ ಅಂಚಿನವರೆಗೆ ಬಾಳಿದ ಕಥೆಗಾರ್ತಿ ಈ ಸೀಮೆಯವರೇ.

ಮೂರನೆಯ ದಿನ, ಭಾನುವಾರ: ನೀರು

ಈಗ ನೀರಿಗೆ ಇಳಿಯಬಹುದು. ಟರ್ನರ್ ಜಲಪಾತ 77 ಅಡಿ ಎತ್ತರದಿಂದ ಬೀಳುವುದು ನಿಜ, ಚೆಲುವಾಗಿರುವುದೂ ನಿಜ. ಆದರೆ ಒಂದನ್ನೇ ಆರಿಸಬೇಕಾದರೆ ನಾನು ಆರಿಸುವುದು ಸಲ್ಫರ್‌ಗೆ ಅಂಟಿಕೊಂಡೇ ಇರುವ ಚಿಕಸಾ ರಾಷ್ಟ್ರೀಯ ವಿಹಾರ ಪ್ರದೇಶವನ್ನು. ಪ್ರವೇಶ ಶುಲ್ಕವಿಲ್ಲ, ಮತ್ತು ಹಿಂದಿನ ಎರಡು ದಿನ ಕೇಳಿದ ಕಥೆಯ ಮುಂದುವರಿಕೆ ಅಲ್ಲಿದೆ. ಗಂಧಕದ ಬುಗ್ಗೆಗಳನ್ನು ವ್ಯಾಪಾರಿಗಳು ಬೇಲಿ ಹಾಕಿ ಹಂಚಿಕೊಂಡುಬಿಡುತ್ತಾರೆಂಬ ಆತಂಕದಿಂದ, 1902ರಲ್ಲಿ ಚಿಕಸಾ ಮತ್ತು ಚಾಕ್ಟಾ ಜನಾಂಗಗಳು ಬುಗ್ಗೆಗಳ ಸುತ್ತಲಿನ 640 ಎಕರೆಯನ್ನು ಎಲ್ಲರ ಉಪಯೋಗಕ್ಕಿರಲೆಂದು ಕೇಂದ್ರ ಸರ್ಕಾರಕ್ಕೆ ಮಾರಿದವು. 1906ರಲ್ಲಿ ಅದು ಕನೆಕ್ಟಿಕಟ್‌ನ ಒಬ್ಬ ಸೆನೆಟರ್ ಹೆಸರಿನಲ್ಲಿ ಪ್ಲಾಟ್ ರಾಷ್ಟ್ರೀಯ ಉದ್ಯಾನವಾಯಿತು. 1976ರಲ್ಲಿ ಆರ್ಬಕಲ್ ಸರೋವರವನ್ನೂ ಸೇರಿಸಿ, ಕೊನೆಗೂ ಕೊಟ್ಟವರ ಹೆಸರನ್ನೇ ಇಟ್ಟರು.

ಬೇಸಿಗೆಯ ಭಾನುವಾರ ಹತ್ತು ಗಂಟೆಯ ಮೇಲೆ ಹೋದರೆ ಟ್ರಾವರ್ಟೀನ್ ತೊರೆಯ ಬದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಒಂದು ಜುಲೈಯಲ್ಲಿ ಮಕ್ಕಳನ್ನು ಕಾರಿನಲ್ಲೇ ಕೂರಿಸಿಕೊಂಡು ಮೂರು ಸುತ್ತು ಹಾಕಿ ಹಾಗೆಯೇ ಹಿಂದಿರುಗಿದ್ದೇವೆ. ಏಳು ಗಂಟೆಗೇ ಅಲ್ಲಿರಿ. ಮೊದಲು 177ನೇ ಹೆದ್ದಾರಿಯ ಬದಿಯ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, ಕಾಣುತ್ತವೆಯೇ ನೋಡಿ. ಬೇಲಿಯ ಹೊರಗಿನಿಂದಲೇ ನೋಡಬೇಕು. ಆಮೇಲೆ ತೊರೆಯ ಮೇಲೇ ಸೇತುವೆಯಂತೆ ಕಟ್ಟಿರುವ ನೇಚರ್ ಸೆಂಟರ್ ಬಳಿ ಕಾರು ನಿಲ್ಲಿಸಿ, ಅಲ್ಲಿಂದ ಪೂರ್ವಕ್ಕೆ ಕಾಡಿನೊಳಗೆ ಸಾಗುವ ಕಾಲುದಾರಿ ಹಿಡಿಯಿರಿ. ವಯಸ್ಸಾದವರೂ ನಡೆಯಬಹುದಾದ ಸಮತಟ್ಟು ದಾರಿ. ಉದ್ದ ಪ್ಯಾಂಟು, ಮುಚ್ಚಿದ ಬೂಟು ಇರಲಿ, ಏಕೆಂದರೆ ಹುಲ್ಲಿನಲ್ಲಿ ಉಣ್ಣೆಹುಳುಗಳಿವೆ. ಮೂರೆಲೆಯ ವಿಷಬಳ್ಳಿಯನ್ನು ಮುಟ್ಟಬೇಡಿ. ಕಲ್ಲು, ಬಾಣದ ಮೊನೆ ಏನೇ ಕಂಡರೂ ಜೇಬಿಗೆ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ.

ದಾರಿಯ ಕೊನೆಯಲ್ಲಿ ಆ್ಯಂಟಲೋಪ್ ಮತ್ತು ಬಫಲೊ ಎಂಬ ಎರಡು ಸಿಹಿನೀರಿನ ಬುಗ್ಗೆಗಳಿವೆ. ಎರಡನೆಯದರ ಸುತ್ತ 1930ರ ದಶಕದಲ್ಲಿ, ಕೆಲಸವಿಲ್ಲದ ಯುವಕರಿಗೆಂದು ಸರ್ಕಾರ ರಚಿಸಿದ ಪಡೆ ದುಂಡನೆಯ ಕಲ್ಲುಕಟ್ಟೆ ಕಟ್ಟಿದೆ. ನಮ್ಮ ಊರಿನ ಕಲ್ಯಾಣಿಯ ಚಿಕ್ಕ ರೂಪದಂತಿದೆ. ಅದರ ತಳದಲ್ಲಿ ಬಿಳಿಯ ಮರಳು ಅನ್ನ ಕುದಿಯುವಂತೆ ಅಲ್ಲಲ್ಲಿ ಉಕ್ಕಿ, ಹರಡಿ, ಮತ್ತೆ ಉಕ್ಕುತ್ತದೆ. ಆರ್ಬಕಲ್ ಬೆಟ್ಟಸಾಲಿನ ಸುಣ್ಣಕಲ್ಲಿನಲ್ಲಿ ಇಂಗಿದ ಮಳೆನೀರು ಒಳಗಿನ ಒತ್ತಡದಿಂದ ಹೀಗೆ ಮೇಲೆ ಬರುತ್ತದೆ. ಬರಗಾಲದ ವರ್ಷಗಳಲ್ಲಿ ಈ ಬುಗ್ಗೆಗಳೇ ನಿಂತುಹೋಗುವುದರಿಂದ, ಈಜಲೆಂದೇ ಹೋಗುವವರು ತೊರೆಯಲ್ಲಿ ನೀರಿದೆಯೇ ಎಂದು ಉದ್ಯಾನದವರಿಗೆ ಫೋನ್ ಮಾಡಿ ಕೇಳಿಕೊಳ್ಳಬೇಕು. ನೀರಿದ್ದರೆ ಹಿಂತಿರುಗಿ ಬಂದು ಲಿಟಲ್ ನಯಾಗರ ಎಂಬ ಪುಟ್ಟ ಜಲಪಾತದ ಮಡುವಿನಲ್ಲಿ ಜನ ಸೇರುವ ಮೊದಲು ಈಜಿ. ನೀರು ಆಗಸ್ಟ್‌ನಲ್ಲಿಯೂ ಮೈ ಜುಮ್ಮೆನಿಸುವಷ್ಟು ತಣ್ಣಗಿರುತ್ತದೆ, ಕಲ್ಲು ಪಾಚಿ ಹಿಡಿದು ಜಾರುತ್ತದೆ. ಗಾಜಿನ ಬಾಟಲಿಗಳನ್ನು ತರಬೇಡಿ.

ಹೊರಡುವ ಮುನ್ನ ಊರಿನ ಅಂಚಿನ ಫ್ಲವರ್ ಪಾರ್ಕಿನಲ್ಲಿರುವ ವೆಂಡೋಮ್ ಬಾವಿಯ ಬಳಿ ಹತ್ತು ನಿಮಿಷ ನಿಲ್ಲಿ. 1922ರಲ್ಲಿ ಕೊರೆದ ಈ ಬಾವಿಯಿಂದ ಗಂಧಕದ ನೀರು ಪಂಪಿಲ್ಲದೆ ತಾನಾಗಿ ಚಿಮ್ಮುತ್ತದೆ. ಕೊಳೆತ ಮೊಟ್ಟೆಯ ವಾಸನೆ ಕಾರಿನ ಬಾಗಿಲು ತೆರೆದಾಗಲೇ ಬರುತ್ತದೆ, ಐದು ನಿಮಿಷದಲ್ಲಿ ಮೂಗಿಗೆ ರೂಢಿಯಾಗುತ್ತದೆ. ಕುಡಿಯುವ ಮುನ್ನ ಅಲ್ಲಿನ ಫಲಕ ಓದಿ. ಕಾಲು ಅದ್ದುವುದಕ್ಕಂತೂ ಅಡ್ಡಿಯಿಲ್ಲ. ನಾವು ಕಳೆದ ಸಲ ಹೋದಾಗ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಮುದುಕರೊಬ್ಬರಿಗೆ ನನ್ನ ಮಗಳು ‘ಚೊಕ್ಮ’ ಎಂದಳು. ಅವರು ಟೋಪಿ ತೆಗೆದು, ‘ಚಿಂಚೊಕ್ಮ’ ಎಂದು ಅವಳನ್ನೇ ಕೇಳಿ, ಉತ್ತರಕ್ಕಾಗಿ ಕಾದರು.

ಭಾನುವಾರ ಮಧ್ಯಾಹ್ನ ಮೂರರ ಒಳಗೆ ಹೊರಟರೆ 35ನೇ ಹೆದ್ದಾರಿಯಲ್ಲಿ ಡೆಂಟನ್ ಬಳಿಯ ದಟ್ಟಣೆಯನ್ನು ತಪ್ಪಿಸಿಕೊಂಡು, ಬೆಳಕಿರುವಾಗಲೇ ಮನೆ ಸೇರಬಹುದು. ಡೇವಿಸ್‌ನ 55ನೇ ನಿರ್ಗಮನದಲ್ಲಿ ನೇಷನ್‌ನದೇ ಆದ ಬೆಡ್ರೆ ಚಾಕೊಲೇಟ್ ಕಾರ್ಖಾನೆಯ ಅಂಗಡಿ ಇದೆ. ಬೇಸಿಗೆಯಲ್ಲಿ ಕೊಳ್ಳುವುದಾದರೆ ಬುತ್ತಿಯ ಐಸ್‌ಪೆಟ್ಟಿಗೆಯಲ್ಲಿ ಜಾಗ ಉಳಿಸಿಕೊಂಡಿರಿ.